ಮನೆಗೆಲಸದವರ ಪಿಂಚಣಿ: ನಂಬಿರುವುದೇನು, ನಿಜವೇನು?

ಚನ್ನಪಟ್ಟಣ, ರಾಮನಗರದಿಂದ ರೈಲಿನಲ್ಲಿ, ರೈಲು ಮಾರ್ಗವೇ ಇಲ್ಲದ ಕನಕಪುರ, ಮಾಗಡಿಯಿಂದ ಬಸ್ಸಿನಲ್ಲಿ ಬೆಳಗಾಗುತ್ತಲೇ ಬೆಂಗಳೂರಿಗೆ ಹೊರಡುವ ಹೆಂಗಸರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರೂ ಇದ್ದಾರೆ, ಮನೆಗೆಲಸಕ್ಕೆ ಹೋಗುವವರೂ ಇದ್ದಾರೆ. ಇಬ್ಬರೂ ಮೈಮುರಿದು ದುಡಿಯುವವರೇ. ಆದರೆ ಕೈಕಾಲಿನ ಕಸುವು ಕುಂದಿದ ಮೇಲೆ ಇಬ್ಬರಿಗೂ ಸಿಗುವ ಆಸರೆ ಒಂದೇ ಅಲ್ಲ. ಈ ವಿಷಯದಲ್ಲಿ ಜನರಲ್ಲಿರುವ ಐದು ತಪ್ಪು ಕಲ್ಪನೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಹತ್ತಾರು ವರ್ಷ ದುಡಿದ ಮನೆಯವರು ಪಿ.ಎಫ್., ಗ್ರಾಚ್ಯುಟಿ ಕೊಡಲೇಬೇಕು.

ಸತ್ಯ: ಕೊಡುವುದು ನ್ಯಾಯ, ಆದರೆ ಕಾನೂನಿನ ಕಡ್ಡಾಯವಿಲ್ಲ. ಪಿ.ಎಫ್. ಕಡ್ಡಾಯವಾಗುವುದು 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ, ಗ್ರಾಚ್ಯುಟಿ 10 ಅಥವಾ ಹೆಚ್ಚು ಜನರಿರುವ ಕಡೆಗೆ. ಒಬ್ಬಿಬ್ಬರು ಕೆಲಸದವರಿರುವ ಮನೆ ಈ ಲೆಕ್ಕಕ್ಕೇ ಬರುವುದಿಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಪಡೆಯುವ ಗಾರ್ಮೆಂಟ್ಸ್ ಕಾರ್ಮಿಕರ ಹೆಸರಿನಲ್ಲಿ ಮಾಲೀಕರು ತಿಂಗಳಿಗೆ ಶೇ 12ರಂತೆ 1,560 ರೂಪಾಯಿ ಕಟ್ಟಬೇಕು. ಹತ್ತು ವರ್ಷ ದುಡಿದು ಕೆಲಸ ಬಿಟ್ಟರೆ, ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ 75,000 ರೂಪಾಯಿ ಗ್ರಾಚ್ಯುಟಿ. ಅಷ್ಟೇ ಸಂಬಳಕ್ಕೆ ಅಷ್ಟೇ ವರ್ಷ ದುಡಿದ ಮನೆಗೆಲಸದಾಕೆಗೆ ಕಾನೂನಿನಂತೆ ಸಿಗುವುದು ಸೊನ್ನೆ. ಬೆರಳೆಣಿಕೆಯ ಜನರಿರುವ ಸಣ್ಣ ರೇಷ್ಮೆ ಫಿಲೇಚರ್‌ಗಳಲ್ಲಿ ನೂಲು ತೆಗೆಯುವವರ ಪಾಡೂ ಇದೇ.

ತಪ್ಪು ಕಲ್ಪನೆ 2: ಇ-ಶ್ರಮ್ ಕಾರ್ಡ್ ಇದ್ದರೆ 60ಕ್ಕೆ ತಿಂಗಳಿಗೆ 3,000 ರೂಪಾಯಿ ತಾನಾಗಿಯೇ ಬರುತ್ತದೆ.

ಸತ್ಯ: ಇ-ಶ್ರಮ್ 2021ರಲ್ಲಿ ಶುರುವಾದ ನೋಂದಣಿ ಮಾತ್ರ. 3,000 ರೂಪಾಯಿ ಕೊಡುವುದು 2019ರ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆ. ಅದಕ್ಕೆ ಬೇರೆಯಾಗಿ ಸೇರಬೇಕು, ತಿಂಗಳು ತಿಂಗಳು ಕಂತು ಕಟ್ಟಬೇಕು. 18ನೇ ವಯಸ್ಸಿನಲ್ಲಿ ಸೇರಿದರೆ ಕಂತು 55 ರೂಪಾಯಿ, 29ಕ್ಕೆ 100, 40ಕ್ಕೆ 200. ಅಷ್ಟೇ ಹಣವನ್ನು ಕೇಂದ್ರ ಸರ್ಕಾರವೂ ಹಾಕುತ್ತದೆ. ತಿಂಗಳ ಆದಾಯ 15,000 ರೂಪಾಯಿ ಮೀರಿರಬಾರದು. 40 ದಾಟಿದ ಮೇಲೆ ಸೇರಲು ಆಗುವುದಿಲ್ಲ. ಹಾಗಾಗಿ ಮೂವತ್ತರ ಆಸುಪಾಸಿನಲ್ಲಿರುವವರು ಇನ್ನೂ ಕಾಯುವುದು ತರವಲ್ಲ.

ತಪ್ಪು ಕಲ್ಪನೆ 3: ಹೇಗಾದರೂ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿಕೊಂಡರೆ ಪಿಂಚಣಿ ಗ್ಯಾರಂಟಿ.

ಸತ್ಯ: ಆ ಕಾರ್ಡ್ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಮೀಸಲು. ಸುಳ್ಳು ಹೇಳಿ ಪಡೆದ ಕಾರ್ಡ್ ರದ್ದಾಗುತ್ತದೆ. ದಲ್ಲಾಳಿಗೆ ಕೊಟ್ಟ ದುಡ್ಡು ಮಾತ್ರ ವಾಪಸ್ ಬರುವುದಿಲ್ಲ. ಕಟ್ಟಡ ಕಾರ್ಮಿಕರಿಗೆ ಪಿಂಚಣಿ ಬರುವುದಕ್ಕೆ ಕಾರಣವಿದೆ: ಕಟ್ಟಿಸುವವರಿಂದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಮನೆಗೆಲಸ ಮಾಡಿಸಿಕೊಳ್ಳುವವರಿಂದ ಅಂಥ ವಂತಿಗೆ ಇಲ್ಲ. ಮನೆಗೆಲಸದವರಿಗೂ ಅನ್ವಯಿಸುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಅಪಘಾತ, ಸಾವಿನಂಥ ಸಂದರ್ಭದಲ್ಲಿ ನೆರವಾಗುತ್ತದೆ, ಪಿಂಚಣಿ ಕೊಡುವುದಿಲ್ಲ.

ತಪ್ಪು ಕಲ್ಪನೆ 4: 60 ತುಂಬಿದ ಕೂಡಲೇ ಸಂಧ್ಯಾ ಸುರಕ್ಷಾ ಸಿಗುತ್ತದೆ, ಅರ್ಜಿ ಮಾತ್ರ ಬೆಂಗಳೂರಿನಲ್ಲಿ ಹಾಕಬೇಕು.

ಸತ್ಯ: ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು. ಅಲ್ಲಿ ಸಿಗುವುದು ತಿಂಗಳಿಗೆ 1,200 ರೂಪಾಯಿ. 60ರಿಂದ 64ರವರೆಗಿನ ಬಡ ಕುಟುಂಬದವರಿಗೆ ವೃದ್ಧಾಪ್ಯ ವೇತನವಿದೆ, 800 ರೂಪಾಯಿ. ಎರಡಕ್ಕೂ ಆದಾಯ ಮಿತಿ ಇದೆ. ದುಡಿದದ್ದು ಜಯನಗರದಲ್ಲಾದರೂ ಅರ್ಜಿ ಹಾಕಬೇಕಾದದ್ದು ವಾಸವಿರುವ ಹೋಬಳಿಯ ನಾಡಕಚೇರಿಯಲ್ಲಿ. ಸಾತನೂರಿನವರಿಗೆ ಸಾತನೂರಿನಲ್ಲಿ, ಕುದೂರಿನವರಿಗೆ ಕುದೂರಿನಲ್ಲಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ತಪ್ಪು ಕಲ್ಪನೆ 5: ಮನೆಗೆಲಸದವರಿಗೆ ಹೊಸ ಕಾಯ್ದೆ ಬಂದಾಗಿದೆ.

ಸತ್ಯ: ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿ ಕರ್ನಾಟಕ 2004ರಲ್ಲೇ ದೇಶಕ್ಕೆ ದಾರಿ ತೋರಿತ್ತು. ಆದರೆ 2025ರಲ್ಲಿ ರಾಜ್ಯ ಸರ್ಕಾರ ಹೊರತಂದದ್ದು ಮನೆಗೆಲಸದವರ ಸಾಮಾಜಿಕ ಭದ್ರತೆಯ ಮಸೂದೆಯ ಕರಡು. ಕೂಲಿಯ ಶೇ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡಿ ನಿಧಿ ಕಟ್ಟುವ ಪ್ರಸ್ತಾವ ಅದರಲ್ಲಿದೆ. ಕರಡು ಕಾಯ್ದೆಯಲ್ಲ. ವಿಧಾನಮಂಡಲ ಒಪ್ಪಿ, ರಾಜ್ಯಪಾಲರ ಅಂಕಿತ ಬಿದ್ದು, ಜಾರಿಗೆ ಬಂದರೆ ಮಾತ್ರ ಅದು ಹಕ್ಕು.

ಗಾರ್ಮೆಂಟ್ಸ್, ಕಟ್ಟಡ ಕಾರ್ಮಿಕರ ಮುಪ್ಪಿಗೆ ಕೆಲಸ ಕೊಟ್ಟವರ ಪಾಲಿದೆ, ಮನೆಗೆಲಸದವರ ಮುಪ್ಪಿಗೆ ಅದಿಲ್ಲ. ಎಲ್ಲ ವ್ಯತ್ಯಾಸದ ಬೇರು ಇದೇ. ಅದನ್ನು ಸರಿಪಡಿಸಲು ಮನೆಯವರು ಕಾಯ್ದೆಗೆ ಕಾಯಬೇಕಿಲ್ಲ. ಮನೆಗೆಲಸದವರ ಮಾನ್‌ಧನ್ ಕಂತನ್ನು ಕೆಲಸ ಕೊಟ್ಟವರೇ ತುಂಬಲು 2022ರಿಂದ ಅವಕಾಶವಿದೆ. ವಯಸ್ಸಿಗೆ ತಕ್ಕಂತೆ ವರ್ಷಕ್ಕೆ 660ರಿಂದ 2,400 ರೂಪಾಯಿ. ನಿಮ್ಮ ಮನೆಗೆ ಬರುವಾಕೆಗೆ 40 ದಾಟಿಲ್ಲದಿದ್ದರೆ ಈ ವಾರವೇ ಆಕೆಯನ್ನು ಸಾಮಾನ್ಯ ಸೇವಾ ಕೇಂದ್ರಕ್ಕೆ ಕರೆದೊಯ್ದು ಸೇರಿಸಿ. 40 ದಾಟಿದ್ದರೆ ಅಷ್ಟು ಹಣವನ್ನು ಆಕೆಯ ಹೆಸರಿನ ಅಂಚೆ ಕಚೇರಿ ಖಾತೆಗೆ ಹಾಕಿ. ಇದು ದಾನವಲ್ಲ, ಆಕೆಯ ದುಡಿಮೆಗೆ ಸಲ್ಲಬೇಕಾದ ಬಾಕಿ.