ಮೂವರು ಸೇರಿ ಮಾಡಿದ ಕವಾಟ

ಮಕ್ಕಳ ಕಥೆಗಾರ ರೋಲ್ಡ್ ಡಾಲ್ ಮಗನನ್ನು ಉಳಿಸಿಕೊಳ್ಳಲು ತಾವೇ ಒಂದು ಸಾಧನ ಕಂಡುಹಿಡಿದರು ಎಂದು ಮತ್ತೆ ಮತ್ತೆ ಹೇಳುವುದುಂಟು. ಕೇಳಲು ಸೊಗಸಾದ ಈ ಮಾತು ಇನ್ನಿಬ್ಬರ ಹೆಸರನ್ನು ನುಂಗಿಹಾಕಿದೆ. 1960ರ ಡಿಸೆಂಬರ್ 5ರಂದು ನ್ಯೂಯಾರ್ಕ್‌ನಲ್ಲಿ ಡಾಲ್‌ರ ನಾಲ್ಕು ತಿಂಗಳ ಮಗ ಥಿಯೋ ಮಲಗಿದ್ದ ತಳ್ಳುಗಾಡಿಗೆ ಟ್ಯಾಕ್ಸಿ ಬಡಿಯಿತು. ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿನಲ್ಲಿ ನೀರು ತುಂಬತೊಡಗಿತು. ಮಿದುಳಿನ ಒಳಗೂಡುಗಳಲ್ಲಿ ದಿನವೂ ದ್ರವ ಊರುತ್ತದೆ, ದೊಡ್ಡವರಲ್ಲಿ ಸುಮಾರು ಅರ್ಧ ಲೀಟರ್. ಅದು ಹರಿದು ರಕ್ತ ಸೇರದಿದ್ದರೆ ಮಿದುಳನ್ನೇ ಅದುಮುತ್ತದೆ. ಇದೇ ಹೈಡ್ರೊಸೆಫಾಲಸ್. ಆ ದ್ರವವನ್ನು ಹೊರಗೆಳೆಯಲು ಇಡುವ ಕೊಳವೆಯೇ ಷಂಟ್. ಹರಿವು ಹಿಂದಿರುಗದಂತೆ ಅದರಲ್ಲೊಂದು ಕವಾಟ. ಥಿಯೋನ ಷಂಟ್ ಪದೇ ಪದೇ ಕಟ್ಟಿಕೊಂಡಿತು. ಕಟ್ಟಿಕೊಂಡಾಗ ಮಗುವಿನ ದೃಷ್ಟಿ ಮಂಕಾಗುತ್ತಿತ್ತು, ಮತ್ತೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು.

ಕಾರಣ ಗುರುತಿಸಿದವರು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯ ಕೆನೆತ್ ಟಿಲ್. ರಕ್ತಸ್ರಾವವಾದ ಮಿದುಳಿನ ಕಸ ಕವಾಟದ ಸೀಳುಗಳಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅವರು ಕಂಡರು. ಅದಕ್ಕೆ ಪರಿಹಾರ ಕೊಟ್ಟ ಕೈ ಸ್ಟ್ಯಾನ್ಲಿ ವೇಡ್ ಅವರದು. ಹೈ ವಿಕಂಬ್‌ನಲ್ಲಿ ಹೈಡ್ರಾಲಿಕ್ ಪಂಪುಗಳ ಕಾರ್ಖಾನೆ ನಡೆಸುತ್ತಿದ್ದ ಈ ಎಂಜಿನಿಯರ್ ಮಾದರಿ ವಿಮಾನಗಳಿಗೆ ಪುಟ್ಟ ಎಂಜಿನ್‌ಗಳನ್ನು ತಾವೇ ಕಟ್ಟುತ್ತಿದ್ದರು. ಡಾಲ್‌ಗೂ ಮಾದರಿ ವಿಮಾನಗಳ ಹವ್ಯಾಸ. ಪರಿಚಯ ಬೆಳೆದದ್ದೂ ಅಲ್ಲಿಂದಲೇ. ಸೀಳುಗಳನ್ನೇ ಕೈಬಿಟ್ಟು, ವೇಡ್ ಸಿಲಿಕೋನ್ ಕೊಳವೆಯ ಎರಡು ತುದಿಗೆ ಎರಡು ಲೋಹದ ಬಿಲ್ಲೆ ಇಟ್ಟರು. ಮೇಲಿನ ಒತ್ತಡಕ್ಕೆ ಬಿಲ್ಲೆ ತೆರೆಯುತ್ತದೆ, ದ್ರವ ಹಿಂದಕ್ಕೆ ನುಗ್ಗಿದರೆ ಮುಚ್ಚಿಕೊಳ್ಳುತ್ತದೆ. ವೈದ್ಯರಿಗೂ ಎಂಜಿನಿಯರಿಗೂ ನಡುವೆ ನಿಂತು, ಬಿಡದೆ ಬೆನ್ನುಹತ್ತಿದ್ದು ಡಾಲ್ ಮಾಡಿದ ಕೆಲಸ. ಅದೂ ಸಣ್ಣದಲ್ಲ. 1962ರಲ್ಲಿ ಮೊದಲ ಬಾರಿ ಮಗುವೊಂದಕ್ಕೆ ಅಳವಡಿಸಿದ ಈ ಕವಾಟ ಮುಂದೆ ಸಾವಿರಾರು ಮಕ್ಕಳ ತಲೆಯಲ್ಲಿ ಕೆಲಸ ಮಾಡಿತು. ಇದರಿಂದ ಲಾಭ ಪಡೆಯುವುದಿಲ್ಲ ಎಂದು ಮೂವರೂ ಒಪ್ಪಿಕೊಂಡಿದ್ದರು. ಕಥೆಗಾರನ ಹೆಸರು ಮಾತ್ರ ಉಳಿದು ಈ ಒಪ್ಪಂದವೂ ವೇಡ್‌ರ ಕೈಚಳಕವೂ ಮರೆಯಾದದ್ದು ನೋವಿನ ಸಂಗತಿ.

ಹೆಸರು, ಹಣ, ಪರಿಚಯಗಳಿದ್ದವರಿಗೆ ಮಾತ್ರ ಇಂಥದ್ದು ಸಾಧ್ಯ ಎನ್ನಬಹುದು. ಆದರೆ ಡಾಲ್‌ಗೂ ಮುಂಚೆ, 1956ರ ಹೊತ್ತಿಗೆ, ಫಿಲಡೆಲ್ಫಿಯಾದಲ್ಲಿ ಜಾನ್ ಹೋಲ್ಟರ್ ಕವಾಟ ರೂಪಿಸಿದ್ದರು. ಬೀಗದ ಕಂಪನಿಯೊಂದರ ತಂತ್ರಜ್ಞರಾದ ಅವರಿಗೆ ಯಾವ ಖ್ಯಾತಿಯೂ ಇರಲಿಲ್ಲ. ಮಗ ಕೇಸಿ ಬೆನ್ನುಹುರಿಯ ದೋಷದ ಜೊತೆ ಇದೇ ಕಾಯಿಲೆ ಹೊತ್ತು ಹುಟ್ಟಿದ್ದ. ಅವರಿಗೂ ಒಬ್ಬ ವೈದ್ಯ ಬೇಕಾಯಿತು, ಯೂಜೀನ್ ಸ್ಪಿಟ್ಜ್. ಟಿಲ್ ದೋಷ ಕಂಡದ್ದು ಹೋಲ್ಟರ್‌ರ ಈ ಕವಾಟದಲ್ಲೇ. ಅಂದರೆ ಲಂಡನ್ನಿನ ಕೆಲಸ ನಿಂತದ್ದು ಇನ್ನೊಬ್ಬ ತಂದೆಯ ಕೆಲಸದ ಮೇಲೆ. ಕೇಸಿ ಬಾಲ್ಯದಲ್ಲೇ ತೀರಿಕೊಂಡ. ಹೊಸ ಕವಾಟ ಸಿದ್ಧವಾಗುವಷ್ಟರಲ್ಲಿ ಚೇತರಿಸಿಕೊಂಡಿದ್ದ ಥಿಯೋಗೆ ಅದು ಬೇಕಾಗಲೇ ಇಲ್ಲ.

ಮಕ್ಕಳಿಗೆ ಇಟ್ಟ ಷಂಟ್‌ಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷದೊಳಗೆ ಕೈಕೊಡುವಾಗ ಹಳೆಯ ಕವಾಟದ ಗುಣಗಾನವೇಕೆ ಎಂದು ಕೇಳುವುದು ನ್ಯಾಯವೇ. ಬಿಲ್ಲೆಗಳ ಕಾಲ ಮುಗಿಯಿತು, ಒಪ್ಪುತ್ತೇನೆ. ಆದರೆ ಯಾವ ಬೆಲೆಗೆ ಯಾವ ಮಗುವಿಗೆ ಎಂಬ ಪ್ರಶ್ನೆ ಮುಗಿದಿಲ್ಲ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಅಗ್ಗದ ಛಾಬ್ರಾ ಷಂಟನ್ನು ಉಗಾಂಡಾದಲ್ಲಿ ಶಸ್ತ್ರವೈದ್ಯ ಬೆಂಜಮಿನ್ ವಾರ್ಫ್ ಹಲವು ಪಟ್ಟು ದುಬಾರಿಯಾದ ಅಮೆರಿಕದ ಷಂಟ್ ಜೊತೆ 195 ಮಕ್ಕಳಲ್ಲಿ ಹೋಲಿಸಿ ನೋಡಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕದ ಫಲಿತಾಂಶದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.