ಕರಿಜೀರಿಗೆಯ ಎಣ್ಣೆ: ಮಾತು ಮತ್ತು ಮದ್ದು

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಜೊತೆಯಾಗಿ ಕೂರಿಸಿದ್ದಾರೆ. ಅವೆರಡಕ್ಕೂ ಇರುವ ಸಂಬಂಧ ಮೇಲುನೋಟಕ್ಕೆ ಕಾಣುವುದಕ್ಕಿಂತ ಹತ್ತಿರದ್ದು. ಮದ್ದಿನ ವಿಷಯದಲ್ಲಿ ಮಾತು ತಪ್ಪಿದವನಿಗೆ ಬರುವುದು ಜಗಳವಲ್ಲ, ರೋಗವೇ. ಕನ್ನಡದ ‘ಮದ್ದು’ ಎಂಬ ಶಬ್ದವನ್ನೇ ನೋಡಿ. ಕಾಯಿಲೆಯನ್ನು ಕಳೆಯುವುದೂ ಮದ್ದು. ‘ಯಾರೋ ಮದ್ದು ಹಾಕಿದ್ದಾರೆ’ ಎಂದಾಗ ಕೇಡು ಮಾಡುವುದೂ ಮದ್ದು. ಕೋವಿಯಲ್ಲಿ ಸಿಡಿಯುವುದೂ ಮದ್ದು. ಯಾವ ಮದ್ದು ನಮ್ಮ ಕೈಯಲ್ಲಿದೆ ಎಂಬ ಎಚ್ಚರವನ್ನು ಶಬ್ದ ಕೊಡಲಾರದು. ಅದನ್ನು ಬಳಸುವವನೇ ತಂದುಕೊಳ್ಳಬೇಕು.

ಈ ವಿಚಾರ ಈಚೆಗೆ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬರಲು ಕಾರಣ ಕರಿಜೀರಿಗೆಯ ಎಣ್ಣೆ. ನಾನಿರುವ ಅರಸೀಕೆರೆ ಕೊಬ್ಬರಿಯ ಊರು. ಈ ಸೀಮೆಯ ಜನ ತಲೆತಲಾಂತರದಿಂದ ಬಲ್ಲ ಎಣ್ಣೆಗಳೆಂದರೆ ಕೊಬ್ಬರಿಯದು, ಹರಳಿನದು, ಹುಚ್ಚೆಳ್ಳಿನದು. ಈಗ ಅವುಗಳ ಪಕ್ಕದಲ್ಲಿ, ಸಣ್ಣ ಸೀಸೆಗಳಲ್ಲಿ, ಕಂದುಗಪ್ಪು ಬಣ್ಣದ ಈ ಎಣ್ಣೆಯೂ ಬಂದು ಕುಳಿತಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಮಂಡಿನೋವು, ಕೂದಲುದುರುವಿಕೆ, ಇದಕ್ಕೆ ಬಗ್ಗದ ರೋಗವೇ ಇಲ್ಲವೆಂದು ಮಾರುವವರ ವರ್ಣನೆ. ಪಾಠ ಮುಗಿದ ಮೇಲೆ “ಸಾರ್, ನಮ್ಮಜ್ಜಿಗೆ ಇದನ್ನು ಕೊಡಬಹುದಾ?” ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ವೈದ್ಯನಲ್ಲ, ಕನ್ನಡ ಹೇಳಿಕೊಡುವವನು. ಆದರೂ ಹೆಸರಿನ ಪ್ರಶ್ನೆ ಬಂದಲ್ಲಿ ಕನ್ನಡ ಅಧ್ಯಾಪಕನಿಗೂ ಒಂದು ಮಾತು ಹೇಳುವ ಅಧಿಕಾರವುಂಟಷ್ಟೆ. ಬಲ್ಲವರು ಬರೆದದ್ದನ್ನು ಓದಿ ತಿಳಿದುಕೊಂಡಷ್ಟನ್ನು ಅದರೊಡನೆ ಸೇರಿಸಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಹೆಸರು. ನಾವು ಮಾತನಾಡುತ್ತಿರುವ ಕರಿಜೀರಿಗೆಗೆ ಸಸ್ಯಶಾಸ್ತ್ರದಲ್ಲಿ ‘ನೈಜೆಲ್ಲ ಸಟೈವ’ ಎಂದು ಹೆಸರು. ಹಿಂದಿಯವರು ಇದನ್ನು ಕಲೌಂಜಿ ಎನ್ನುತ್ತಾರೆ. ಜೀರಿಗೆ ಎಂದು ಕರೆದರೂ ಇದು ಜೀರಿಗೆಯ ಬಳಗದ್ದಲ್ಲ. ಅಡುಗೆಮನೆಯ ಜೀರಿಗೆ ಕೊತ್ತಂಬರಿಯ ಕುಲದ್ದು. ಕರಿಜೀರಿಗೆಯಾದರೋ ಘೋರವಿಷವೆಂದು ಹೆಸರಾದ ವತ್ಸನಾಭಿಯ ಕುಟುಂಬಕ್ಕೆ ಸೇರಿದ್ದು. ಕುಟುಂಬ ಒಂದಾದ ಮಾತ್ರಕ್ಕೆ ಗುಣವೂ ಒಂದಾಗಬೇಕಿಲ್ಲ. ಇದು ಸಾವಿರಾರು ವರ್ಷಗಳಿಂದ ಮನುಷ್ಯ ತಿಂದು ಅರಗಿಸಿಕೊಂಡಿರುವ ಬೀಜ. ಆದರೆ ಹೆಸರನ್ನು ನಂಬಿ ನಂಟಸ್ತಿಕೆ ಹೇಳಬಾರದೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ಬಿರಿಯಾನಿಗೆ ಹಾಕುವ ಶಾಜೀರಿಗೆ ಬೇರೊಂದು ಬೀಜ. ಹಿಂದಿಯಲ್ಲಿ ಅದಕ್ಕೆ ‘ಕಾಲಾ ಜೀರಾ’ ಎಂದೂ ಹೆಸರು. ಹೊಟ್ಟೆಹುಳುವಿಗೂ ಚರ್ಮರೋಗಕ್ಕೂ ನಾಟಿವೈದ್ಯರು ಬಳಸುವ, ಬಲು ಕಹಿಯಾದ ಕಾಡುಜೀರಿಗೆ ಮತ್ತೊಂದು. ಹಿಂದಿಯಲ್ಲಿ ಅದು ‘ಕಾಲೀ ಜೀರೀ’. ಹೀಗಾಗಿ ‘ಕರಿಜೀರಿಗೆ’ ಎಂಬ ಕನ್ನಡ ಶಬ್ದವನ್ನು ಹಿಂದಿಗೆ ಅಕ್ಷರಶಃ ತಿರುಗಿಸಿದವನ ಕೈಗೆ ಬರುವುದು ಕಲೌಂಜಿಯಲ್ಲ, ಈ ಎರಡರಲ್ಲೊಂದು! ಕೆಲವರು ಕಲೌಂಜಿಯನ್ನು ಈರುಳ್ಳಿ ಬೀಜವೆನ್ನುತ್ತಾರೆ. ನೋಟಕ್ಕೆ ಹೋಲಿಕೆಯುಂಟು, ನಿಜ; ಆದರೆ ಬಿತ್ತನೆಯ ಈರುಳ್ಳಿ ಬೀಜಕ್ಕೆ ಶಿಲೀಂಧ್ರನಾಶಕವನ್ನು ಲೇಪಿಸಿರುವುದುಂಟು. ಅದು ಮಣ್ಣಿಗೆ ಹೋಗಬೇಕಾದದ್ದೇ ಹೊರತು ಬಾಯಿಗಲ್ಲ. ನಮ್ಮ ಹುಚ್ಚೆಳ್ಳಿಗೆ ಇಂಗ್ಲಿಷಿನಲ್ಲಿ ‘ನೈಜರ್’ ಎಂದು ಹೆಸರು. ನೈಜರ್, ನೈಜೆಲ್ಲ ಎಂಬ ಎರಡು ಹೆಸರುಗಳನ್ನು ಒಂದೇ ಎಂದು ಓದಿಕೊಳ್ಳುವವರೂ ಇದ್ದಾರೆ.

ಹಿಂದಿನವರು ಈ ತೊಡಕನ್ನು ಅರಿತಿದ್ದರು. 16ನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಜೀರಕಗಳು ಮೂರು ಎಂದು ಎಣಿಸಿ, ಒಂದೊಂದರ ಪರ್ಯಾಯನಾಮಗಳನ್ನೂ ಪ್ರತ್ಯೇಕವಾಗಿ ಕೊಟ್ಟಿದ್ದಾನೆ. ಅವುಗಳಲ್ಲಿ ಕಾಲಾಜಾಜಿ, ಉಪಕುಂಚಿಕಾ ಎಂಬುವನ್ನು ನಮ್ಮ ಕರಿಜೀರಿಗೆಯೆಂದು ಗುರುತಿಸುತ್ತಾರೆ. ಜಠರಾಗ್ನಿಯನ್ನು ಹೆಚ್ಚಿಸುವುದು, ಪಚನಕ್ಕೆ ನೆರವಾಗುವುದು, ಗರ್ಭಾಶಯವನ್ನು ಶುದ್ಧಿಗೊಳಿಸುವುದು, ಇವು ಅಲ್ಲಿ ಜೀರಕಗಳಿಗೆ ಹೇಳಿರುವ ಗುಣಗಳಲ್ಲಿ ಕೆಲವು. ಈಜಿಪ್ಟಿನ ದೊರೆ ತುತಾಂಖಾಮನ್ನನ ಸಮಾಧಿಯಲ್ಲಿ ಈ ಬೀಜ ದೊರೆತಿದೆ. ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಇದನ್ನು ಬಲ್ಲವನಾಗಿದ್ದ. ಸಾವೊಂದನ್ನುಳಿದು ಮಿಕ್ಕೆಲ್ಲಕ್ಕೂ ಇದು ಮದ್ದೆಂಬ ಗೌರವ ಇಸ್ಲಾಮೀ ಪರಂಪರೆಯಲ್ಲಿದೆ. ಯುನಾನಿ ವೈದ್ಯದಲ್ಲಿ ಇದಕ್ಕೆ ಇಂದಿಗೂ ಗಣ್ಯವಾದ ಸ್ಥಾನವಿದೆ. ಇಷ್ಟು ದೀರ್ಘವಾದ ಬಾಳ್ವೆಯುಳ್ಳ ವಸ್ತುವನ್ನು ಹಗುರವಾಗಿ ಕಾಣುವುದು ಸಲ್ಲದು. ಹಾಗೆಂದು ಪ್ರಾಚೀನತೆಯೊಂದೇ ಪ್ರಮಾಣವಾಗಲಾರದು.

ಇಂದಿನ ವಿಜ್ಞಾನ ಏನೆನ್ನುತ್ತದೆ? ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ. ಅದರ ಬಹುಭಾಗ ಸೂರ್ಯಕಾಂತಿ ಎಣ್ಣೆಯಲ್ಲಿಯೂ ಹೇರಳವಾಗಿರುವ ಲಿನೋಲಿಯಿಕ್ ಆಮ್ಲ. ಇದರ ವಿಶೇಷವೆಲ್ಲ ಅಲ್ಪಪ್ರಮಾಣದಲ್ಲಿರುವ ಸುಗಂಧತೈಲದಲ್ಲಿ, ಅದರಲ್ಲಿಯೂ 1960ರ ದಶಕದಲ್ಲಿ ಈಜಿಪ್ಟಿನ ಸಂಶೋಧಕರು ಬೇರ್ಪಡಿಸಿದ ‘ಥೈಮೊಕ್ವಿನೋನ್’ ಎಂಬ ವಸ್ತುವಿನಲ್ಲಿ ಅಡಗಿದೆ. ಪ್ರಯೋಗಶಾಲೆಯ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಇದು ತೋರಿಸಿರುವ ಪ್ರಭಾವ ಬೆರಗುಗೊಳಿಸುವಂಥದು. ಮನುಷ್ಯರ ಮೇಲಿನ ಪರೀಕ್ಷೆಗಳು ಮಾತ್ರ ಚಿಕ್ಕವು, ಕೆಲವು ವಾರಗಳಿಂದ ಮೂರು ತಿಂಗಳವರೆಗಿನವು. ರಕ್ತದೊತ್ತಡದ ಬಗ್ಗೆ ನಡೆದ 11 ಪರೀಕ್ಷೆಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಮೇಲಿನ ಅಂಕಿ ಸರಾಸರಿ 3 ಮಿಲಿಮೀಟರಿನಷ್ಟು ಇಳಿದದ್ದು ಕಂಡಿತು. 150 ಇದ್ದದ್ದು 147 ಆಯಿತೆಂದು ತಿಳಿಯಿರಿ. ಇಳಿಕೆ ನಿಜ; ಆದರೆ ಮಾತ್ರೆಯನ್ನು ಕೈಬಿಡುವಷ್ಟು ದೊಡ್ಡದಲ್ಲ. ಸಕ್ಕರೆ, ಕೊಲೆಸ್ಟರಾಲುಗಳ ವಿಷಯದಲ್ಲಿಯೂ ಫಲ ಇಂಥದೇ, ಸಾಧಾರಣ. ಉಬ್ಬಸದಲ್ಲಿ, ಕೈಯ ಇಸುಬಿನಲ್ಲಿ ಸ್ವಲ್ಪ ಗುಣ ಕಂಡ ಸಣ್ಣ ಪರೀಕ್ಷೆಗಳಿವೆ. ಕ್ಯಾನ್ಸರನ್ನು ಗುಣಪಡಿಸುತ್ತದೆಂಬುದಕ್ಕೆ ಮನುಷ್ಯರಲ್ಲಿ ದೊರೆತ ಆಧಾರವಿಲ್ಲ.

ಒಳಿತನ್ನು ಮಾಡಬಲ್ಲದ್ದು ಕೆಡುಕನ್ನೂ ಮಾಡಬಲ್ಲದು. ಈ ಎಣ್ಣೆ ಸಕ್ಕರೆಯನ್ನು ಇಳಿಸುವುದಾದರೆ, ಸಕ್ಕರೆಯ ಮಾತ್ರೆಯೊಡನೆ ಸೇರಿ ಅತಿಯಾಗಿಯೂ ಇಳಿಸೀತು. ಬೆವರು, ನಡುಕ, ಕೊನೆಗೆ ಎಚ್ಚರ ತಪ್ಪುವುದು ಅದರ ಲಕ್ಷಣಗಳು. ರಕ್ತದೊತ್ತಡದ ಮಾತ್ರೆಗೂ ಇದೇ ಮಾತು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಇದರಿಂದ ದೂರವಿರಬೇಕು. ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆಯೇ ನಿಲ್ಲಿಸಬೇಕೆಂದು ವೈದ್ಯರು ಹೇಳುತ್ತಾರೆ. ಗರ್ಭಿಣಿಯರು ಇದನ್ನು ಮದ್ದಿನ ಪ್ರಮಾಣದಲ್ಲಿ ಸೇವಿಸಕೂಡದು. ಗರ್ಭಾಶಯದ ಮೇಲೆ ಇದರ ಪರಿಣಾಮವುಂಟೆಂದು ಭಾವಮಿಶ್ರನ ಕಾಲದಲ್ಲಿಯೇ ಹೇಳಿರುವಾಗ ಈ ಎಚ್ಚರಿಕೆ ನಮಗೆ ಹೊಸದಾಗಿ ತೋರಬೇಕಾಗಿಲ್ಲ. ಮೈಗೆ ಹಚ್ಚಿಕೊಂಡ ಕೆಲವರಿಗೆ ಚರ್ಮ ಕೆಂಪೇರಿ ಗುಳ್ಳೆಯೆದ್ದದ್ದುಂಟು. ಆದುದರಿಂದ ಮೊದಲು ಮುಂಗೈಯ ಒಳಬದಿಗೆ ಒಂದು ತೊಟ್ಟು ಹಚ್ಚಿ ಒಂದೆರಡು ದಿನ ನೋಡುವುದು ಲೇಸು. ಸೇವಿಸಿದವರಲ್ಲಿ ಮೂತ್ರಪಿಂಡ ಕೆಟ್ಟ ಅಪರೂಪದ ಪ್ರಸಂಗವೂ ವೈದ್ಯಪತ್ರಿಕೆಗಳಲ್ಲಿ ವರದಿಯಾಗಿದೆ. ರೊಟ್ಟಿಯ ಮೇಲೆ, ಉಪ್ಪಿನಕಾಯಿಯಲ್ಲಿ ಚಿಟಿಕೆ ಬೀಜ ಬೇರೆ. ಹಿಡಿಬೀಜದ ಸಾರವನ್ನು ಚಮಚಗಟ್ಟಲೆ ಕುಡಿಯುವುದು ಬೇರೆ. ಸಾಂಬಾರ ಪದಾರ್ಥವಾಗಿ ನಿರಪಾಯವೆಂದು ಒಪ್ಪಿದ ಮಾತನ್ನು ಎಣ್ಣೆಗೂ ಎಳೆಯಬಾರದು.

ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಎಣ್ಣೆಯಲ್ಲಿಲ್ಲ, ಅದರ ಮೇಲಿಟ್ಟ ಅತಿಯಾದ ನಂಬಿಕೆಯಲ್ಲಿದೆ. ಹಳೇಬೀಡಿನ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ನನಗೆ ಪರಿಚಿತರು. ಯಾರದೋ ಮಾತು ಕೇಳಿ ಎರಡು ಚಮಚ ಎಣ್ಣೆಯನ್ನು ಹಿಡಿದು, ಹತ್ತು ವರ್ಷದಿಂದ ನುಂಗುತ್ತಿದ್ದ ಸಕ್ಕರೆಯ ಮಾತ್ರೆಯನ್ನು ಬಿಟ್ಟರು. ಮೂರು ತಿಂಗಳು ಮೈ ಹಗುರವಾದಂತೆಯೇ ಅವರಿಗೆ ತೋರಿತು. ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ಮಾತ್ರ ಮಾಯಲಿಲ್ಲ. ವೈದ್ಯರ ಬಳಿ ಹೋಗುವ ವೇಳೆಗೆ ಒಂದು ಬೆರಳನ್ನು ಕಳೆದುಕೊಳ್ಳಬೇಕಾಯಿತು. “ಎಣ್ಣೆ ಕುಡಿದಿರಿ, ಹೋಗಲಿ, ಮಾತ್ರೆ ಯಾಕೆ ಬಿಟ್ಟಿರಿ ಮೇಷ್ಟ್ರೇ?” ಎಂದು ಆ ವೈದ್ಯರು ಕೇಳಿದರಂತೆ. ಈ ಪ್ರಶ್ನೆಯನ್ನು ನಮ್ಮ ಮನೆಮನೆಗಳಲ್ಲಿ ಮುಂಚಿತವಾಗಿಯೇ ಕೇಳಿಕೊಳ್ಳಬೇಕಾಗಿದೆ.

ಮದ್ದನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ನಮಗೆ ಹೊಸದಲ್ಲ. ಬೇಲೂರಿನ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅದೇ ಶತಮಾನದಲ್ಲಿ ಕೀರ್ತಿವರ್ಮ ‘ಗೋವೈದ್ಯ’ವನ್ನು, ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡಿಗರಿಗೆ ಕೊಟ್ಟರು. 13ನೆಯ ಶತಮಾನದಲ್ಲಿ ಹೊಯ್ಸಳರ ಆಶ್ರಯದ ಕವಿಕುಲದಲ್ಲಿ ಹುಟ್ಟಿದ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ರಚಿಸಿದ, ಮುಂದಿನ ಶತಮಾನದಲ್ಲಿ ಮಂಗರಾಜ ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ. ಒಂದು ದರ್ಪಣ ಶಬ್ದಕ್ಕೆ, ಇನ್ನೊಂದು ವಿಷಕ್ಕೆ. ಕರಿಜೀರಿಗೆಯ ಎಣ್ಣೆಯನ್ನು ಕೊಳ್ಳುವವನಿಗೆ ಎರಡೂ ಬೇಕು.

ಬೇಲೂರಿನ ಮದನಿಕೆಗಳ ಪೀಠವನ್ನು ಕಣ್ಣಿಟ್ಟು ನೋಡಿದವರು ಬಲ್ಲರು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ಮಾಡಿದ ಕೆಲಸದ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಒಂಬೈನೂರು ವರ್ಷಗಳ ಹಿಂದಿನ ಕಲ್ಲು ತನ್ನನ್ನು ಮಾಡಿದವನಾರೆಂದು ಹೇಳುತ್ತಿರುವಾಗ, ಈ ಹೊತ್ತಿನ ಸೀಸೆ ಅಷ್ಟನ್ನಾದರೂ ಹೇಳಬೇಡವೆ? ಚೀಟಿಯ ಮೇಲೆ ‘ನೈಜೆಲ್ಲ ಸಟೈವ’ ಎಂಬ ಸಸ್ಯನಾಮವಿರಲಿ. ತಯಾರಿಸಿದವರ ವಿಳಾಸ, ತಾರೀಖು ಇರಲಿ. ಆಹಾರವಾಗಿ ಮಾರುವುದಾದರೆ ಎಫ್‌ಎಸ್‌ಎಸ್‌ಎಐ ಸಂಸ್ಥೆಯ 14 ಅಂಕಿಗಳ ಸಂಖ್ಯೆ, ಔಷಧವಾಗಿ ಮಾರುವುದಾದರೆ ಔಷಧ ಪರವಾನಗಿಯ ಸಂಖ್ಯೆ ಇರಲಿ. ಬೆಳಕು, ಬಿಸಿಲು ತಾಗಿದರೆ ಬೇಗ ಕಮಟುವ ಎಣ್ಣೆಯಿದು. ಕಪ್ಪು ಸೀಸೆಯಲ್ಲಿ, ತಂಪಾದ ಕಡೆ ಇರಲಿ. ಕೊಳ್ಳುವ ಮುನ್ನ ವೈದ್ಯರಿಗೆ ಒಂದು ಮಾತು ತಿಳಿಸಿರಲಿ. ಆಮೇಲೆ ಬಳಸುವವರು ಹಿತವಾಗಿ, ಮಿತವಾಗಿ ಬಳಸಲಿ. ನಡೆಯುತ್ತಿರುವ ಮಾತ್ರೆ ಮಾತ್ರ ನಡೆಯುತ್ತಲೇ ಇರಲಿ.