ಬಯಲುಸೀಮೆಯಲ್ಲಿ ದ್ವೀಪಗಳಿವೆ!

ದೇವರಾಯನದುರ್ಗದ ತುದಿ ಹತ್ತಿ ನಿಲ್ಲಿ. ಸುತ್ತ ಬಯಲು, ಹೊಲ, ತೆಂಗಿನ ತೋಟ, ಅಲ್ಲೊಂದು ಇಲ್ಲೊಂದು ಕೆರೆ. ದ್ವೀಪ ಕಾಣಿಸಿತೇ?

ಇಲ್ಲವೇ? ನೀವು ನಿಂತಿರುವುದೇ ದ್ವೀಪ! ಕುಣಿಗಲ್ ಕಡೆಯ ಹುತ್ರಿದುರ್ಗ ಇನ್ನೊಂದು. ಹುಲಿಯೂರುದುರ್ಗ ಮತ್ತೊಂದು. ಹಾಗಾದರೆ ಸಮುದ್ರ ಯಾವುದು? ತುಮಕೂರು, ಗುಬ್ಬಿ, ಕುಣಿಗಲ್ ಅಂತ ನಾವು ದಿನಾ ಬಸ್ಸಿನಲ್ಲಿ ಓಡಾಡುವ ಈ ಬಯಲೇ!

ಯಾರ ಪಾಲಿಗೆ? ಊಹಿಸಿ ನೋಡೋಣ. ಚಿರತೆಗಲ್ಲ, ಅದು ರಾತ್ರೋರಾತ್ರಿ ದಾಟಿಬಿಡುತ್ತದೆ. ಹಕ್ಕಿಗಂತೂ ಅಲ್ಲವೇ ಅಲ್ಲ.

ಕಿರುಬೆರಳಿನಷ್ಟುದ್ದದ ಕಲ್ಲುಬಂಡೆಯ ಹಲ್ಲಿಗೆ!

ನಮ್ಮ ಗೋಡೆಯ ಹಲ್ಲಿಯಲ್ಲ ಇದು. ಅದರ ಕಣ್ಣಿನ ಪಾಪೆ ಸೀಳಿದ ಗೆರೆಯಂತೆ. ಇದರದು ಗುಂಡಗೆ, ಮಣಿಯಂತೆ! ಅದು ರಾತ್ರಿ ದೀಪದ ಸುತ್ತ ಬೇಟೆಯಾಡಿದರೆ ಇದು ಹಗಲಿನ ಜೀವ. ಪಾದದಲ್ಲಿ ಅಗಲವಾದ ಮೆತ್ತೆಯಿಲ್ಲ. ಸಪೂರ ಬೆರಳು, ತುದಿಗೆ ಪುಟ್ಟ ಉಗುರು, ಅಷ್ಟೇ. ಅಷ್ಟರಲ್ಲೇ ಬಂಡೆಯ ಅಡಿಮೈಗೆ ತಲೆಕೆಳಗಾಗಿ ಅಂಟಿಕೊಂಡು ಓಡುತ್ತದೆ!

ಏಪ್ರಿಲ್ ಮಧ್ಯಾಹ್ನ ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಅದೇ ಬಂಡೆಯ ಸಂದಿಗೆ ಮುಖ ಒಡ್ಡಿ. ಕೈ ಮಾತ್ರ ಹಾಕಬೇಡಿ, ಹಾವಿದ್ದೀತು! ತಣ್ಣಗಿದೆ, ಅಲ್ಲವೇ?

ಗುಟ್ಟು ಆ ತಂಪಿನಲ್ಲೇ ಇದೆ! ಹವಾಮಾನ ಒಣಗುತ್ತ ಬಂತು, ಕಾಡು ಹಿಂದೆ ಸರಿಯಿತು. ಸಂದಿನಲ್ಲಿ ಉಳಿದ ಹಲ್ಲಿಗಳು ಬದುಕಿದವು, ಆದರೆ ಸಿಕ್ಕಿಬಿದ್ದವು. ಈ ಬೆಟ್ಟದ್ದು ಇಲ್ಲೇ, ಆ ಬೆಟ್ಟದ್ದು ಅಲ್ಲೇ. ಹೆಣ್ಣು ಕೊಟ್ಟು ತರುವ ಸಂಬಂಧವೇ ಕಡಿದುಹೋಯಿತು! ಇಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲಿಲ್ಲ. ತಲೆಮಾರಿನ ಮೇಲೆ ತಲೆಮಾರು ಕಳೆದು, ಒಂದೇ ವಂಶ ಬೇರೆ ಬೇರೆ ಪ್ರಭೇದವಾಯಿತು.

ಯಾವಾಗ ಶುರುವಾಯಿತು ಇದು? ಸಾವಿರ ವರ್ಷದ ಹಿಂದೆ? ಲಕ್ಷ? ಇನ್ನೂ ಹಿಂದೆ ಹೋಗಿ!

ಈ ಹಲ್ಲಿಗಳ ಕವಲು ಒಡೆದದ್ದು ಮಯೋಸೀನ್ ಯುಗದಲ್ಲಿ. ಆ ಯುಗ ಮುಗಿದೇ 53 ಲಕ್ಷ ವರ್ಷವಾಯಿತು! ಆಗ ಮನುಷ್ಯನೇ ಇರಲಿಲ್ಲ. ಬಂಡೆ ಇತ್ತು, ಹಲ್ಲಿ ಇತ್ತು!

ಇದನ್ನು ಬಯಲಿಗೆ ತಂದವರು ಸಂಶೋಧಕರಾದ ಇಶಾನ್ ಅಗರ್ವಾಲ್, ತೇಜಸ್ ಠಾಕ್ರೆ, ಸೌನಕ್ ಪಾಲ್, ಅಕ್ಷಯ್ ಖಾಂಡೇಕರ್. 2020ರಲ್ಲಿ! ನಮ್ಮ ಮೈಸೂರು ಪ್ರಸ್ಥಭೂಮಿಯ ಬಂಡೆಗಳ ನಡುವಿನ ಈ ಗುಂಪಿಗೆ ಒಂದಲ್ಲ, ಎರಡಲ್ಲ, ಮೂರು ಹೊಸ ಪ್ರಭೇದ ಸೇರಿಸಿದರು.  ಅವುಗಳಲ್ಲಿ ಕೋಲಾರ ಜಿಲ್ಲೆಯ ಹಲ್ಲಿಗೆ ಏನು ಹೆಸರಿಟ್ಟರು, ಹೇಳಿ?

ಕುಲದ ಹೆಸರು ಬಿಡಿ, ಪ್ರಭೇದದ ಹೆಸರು ಲ್ಯಾಟಿನ್ ಅಲ್ಲ, ಗ್ರೀಕ್ ಅಲ್ಲ. ಜಗತ್ತಿನ ಯಾವ ವಿಜ್ಞಾನಿ ಕರೆದರೂ ಕನ್ನಡದಲ್ಲೇ ಕರೆಯಬೇಕು: ನೆಮಾಸ್ಪಿಸ್ ಬಂಗಾರ!